ತೊಳೆದು ತಂದ ಎಂಜಿನ್

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಪ್ರತಿ ಹುಣ್ಣಿಮೆಗೂ ಎಲ್ಲರೆದುರು ಎದ್ದು ನಿಂತು ನನ್ನ ತಪ್ಪುಗಳನ್ನು ಒಪ್ಪಿಕೊಳ್ಳುತ್ತೇನೆ. ನನ್ನಷ್ಟು ಅಚ್ಚುಕಟ್ಟಾಗಿ ಯಾರೂ ಹೇಳುವುದಿಲ್ಲ ಎಂದು ಇಲ್ಲಿ ಕುಳಿತ ಸಹಪಾಠಿಗಳೆಲ್ಲ ಮೆಚ್ಚುತ್ತಾರೆ. ಆದರೂ ಮನಸ್ಸು ಹಗುರವಾಗುತ್ತಿಲ್ಲ. ಏಕೆ?"

"ಅಚ್ಚುಕಟ್ಟಾಗಿ ಹೇಳುತ್ತೀಯ, ಅದು ನಿಜ," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಡ್ರೈವರ್ ಇದ್ದ. ಅವನದೊಂದು ಹಳೆಯ ಬಾಡಿಗೆ ಕಾರು. ವಾರಕ್ಕೆ ಎರಡು ಸಲ ಅವನು ಒಬ್ಬ ಮುದುಕಿಯನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಆಕೆಯ ಮೂತ್ರಪಿಂಡ ಕೆಟ್ಟಿತ್ತು. ಹೇಳಿದ ಹೊತ್ತಿಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡರೆ ಬದುಕು, ಇಲ್ಲವಾದರೆ ಇಲ್ಲ. ಬಸ್ಸು ಹತ್ತುವ ತ್ರಾಣ ಆಕೆಗಿರಲಿಲ್ಲ.

ಕಾರು ಎಣ್ಣೆ ಸೋರುತ್ತಿತ್ತು. ನಿಂತಲ್ಲೆಲ್ಲ ಕಪ್ಪು ಕಲೆ. "ಏನಪ್ಪಾ, ನಿನ್ನ ಗಾಡಿ ದಿನಾ ರಂಗೋಲಿ ಹಾಕುತ್ತಲ್ಲ!" ಎಂದು ಊರಿನ ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳು ನಗುತ್ತಿದ್ದರು. ಅವನಿಗೆ ನಾಚಿಕೆ. ಕಲೆಯ ಮೇಲೆ ಮಣ್ಣು ಎರಚುತ್ತಿದ್ದ. ದಿನಕ್ಕೆ ಅರ್ಧ ಲೀಟರು ಎಣ್ಣೆ ಸುರಿದು ಗಾಡಿ ಓಡಿಸುತ್ತಿದ್ದ. ಆಮೇಲೆ ಎಂಜಿನ್ನಿನ ಒಳಗಿಂದ ಟಕಟಕ ಸದ್ದು ಶುರುವಾಯಿತು. ಅವನು ರೇಡಿಯೊ ಜೋರು ಮಾಡಿದ. ಆದರೆ ಮುದುಕಿಯ ಕಿವಿ ಚುರುಕು. "ಒಳಗೆ ಏನೋ ಬಡ್ಕೊಳ್ತಾ ಇದೆಯಲ್ಲೋ ಮಗಾ, ಯಾರಿಗಾದ್ರೂ ತೋರಿಸಬಾರದಾ?" ಎಂದಳು.

ಆ ಪಟ್ಟಣದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೈ ಬಂಗಾರ, ಬಾಯಿ ಬೆಂಕಿ. ಕೊಳಕು ಎಂಜಿನ್ ಕಂಡರೆ ನಾಲ್ಕು ಜನರನ್ನು ಕರೆದು, "ನೋಡ್ರಯ್ಯಾ, ಇವನಿಗೊಂದು ಗಾಡಿ ಬೇರೆ ಕೇಡು," ಎನ್ನುತ್ತಿದ್ದ. ನಮ್ಮ ಡ್ರೈವರಿಗೆ ಗಾಡಿ ಕೆಟ್ಟದ್ದಕ್ಕಿಂತ ಆ ಮಾತಿನ ಭಯವೇ ದೊಡ್ಡದಾಯಿತು. ಅವನ ಬಳಿಗೆ ಹೋಗುವ ದಿನ ಬೆಳಗ್ಗೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಎಂಜಿನ್ನನ್ನು ಫಳಫಳ ಹೊಳೆಯುವಂತೆ ತೊಳೆದ. ಗಟ್ಟಿ ಎಣ್ಣೆ ಹಾಕಿದರೆ ಸದ್ದು ಸ್ವಲ್ಪ ದಿನ ಅಡಗುತ್ತದೆ ಎಂದು ಯಾರೋ ಹೇಳಿದ್ದರು. ಅದನ್ನೂ ಅಳತೆ ಕಡ್ಡಿಯ ಗುರುತಿನವರೆಗೆ ತುಂಬಿದ. ಕಾಯಿಲೆ ತೋರಿಸಲು ಹೊರಟ ಪುಣ್ಯಾತ್ಮ ಕಾಯಿಲೆಯನ್ನು ಮನೆಯಲ್ಲೇ ಬಿಟ್ಟು ಹೋದ.

ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೇಳಿದ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ.

"ಎಣ್ಣೆ ಎಷ್ಟು ಕುಡಿಯುತ್ತೆ?"

ಸುತ್ತ ಪಟ್ಟಣದ ಬೇರೆ ಡ್ರೈವರುಗಳು ನಿಂತಿದ್ದರು. "ತಿಂಗಳಿಗೆ ಒಂದು ಲೋಟ ಕುಡಿದ್ರೆ ಹೆಚ್ಚು ಅಣ್ಣಾ," ಎಂದ ಇವನು.

"ನೋಡಿ ಕಲೀರಿ ನೀವೆಲ್ಲ! ಹಳೇ ಗಾಡಿ ಅಂದ್ರೆ ಹೀಗಿಟ್ಕೋಬೇಕು," ಎಂದ ಮೆಕ್ಯಾನಿಕ್. ಅಲ್ಪಸ್ವಲ್ಪ ಉಳಿದಿದ್ದ ಸದ್ದಿಗೆ ಎಂಜಿನ್ನಿನ ಮೇಲ್ಭಾಗದ ಟ್ಯಾಪೆಟ್ ತಿರುಪುಗಳನ್ನು ಸರಿ ಮಾಡಿ ಕಳಿಸಿದ. ಡ್ರೈವರನ ಮುಖ ನಗುತ್ತಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಹೊಗಳಿಕೆ ಅವನಿಗಿಂತ ಮೊದಲೇ ಸ್ಟ್ಯಾಂಡ್ ತಲುಪಿತ್ತು. ಸೋರುವುದೂ ರಿಪೇರಿಯಾಯಿತು ಎಂದೇ ಅಲ್ಲಿಯವರು ನಂಬಿದರು. ಇನ್ನು ಎಲ್ಲರೆದುರು ಎಣ್ಣೆ ಡಬ್ಬಿ ತೆಗೆಯುವುದು ಹೇಗೆ? ಅವನ ಮನೆಯೂ ಸ್ಟ್ಯಾಂಡಿನ ಎದುರಿಗೇ ಇತ್ತು. ನಾಳೆ ಹಾಕೋಣ, ನಾಳೆ ಹಾಕೋಣ ಎಂದು ಒಂದು ವಾರ ಕಳೆದ. ಎಂಟನೆಯ ದಿನ ಮುದುಕಿಯನ್ನು ಕೂರಿಸಿಕೊಂಡು ಹೊರಟಾಗ ಅರ್ಧ ದಾರಿಯಲ್ಲಿ ಎಂಜಿನ್ ದೊಡ್ಡ ಸದ್ದು ಮಾಡಿ ಕಚ್ಚಿಕೊಂಡು ನಿಂತಿತು.

ಮುದುಕಿ ಬಿಸಿಲಿನಲ್ಲಿ ಮೈಲಿಗಲ್ಲಿನ ಮೇಲೆ ಕುಳಿತಳು. ಎರಡು ತಾಸಿನ ಮೇಲೆ ಒಂದು ತರಕಾರಿ ಲಾರಿ ನಿಂತಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಆಕೆಯ ಸರದಿ ಹೋಗಿತ್ತು, ಕಾಲು ಊದಿತ್ತು, ಉಸಿರು ಎಳೆಯುತ್ತಿತ್ತು. ಮೂರು ದಿನ ಸಾವು ಬದುಕಿನ ನಡುವೆ ಮಲಗಿದಳು. ಕಣ್ಣು ಬಿಟ್ಟಾಗ ಡ್ರೈವರ್ ಹಾಸಿಗೆಯ ಪಕ್ಕ ನಿಂತಿದ್ದ.

"ನೀನೇನು ಮಾಡ್ತೀಯ ಬಿಡು ಮಗಾ, ಹಳೇ ಗಾಡಿ," ಎಂದಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಾತು ಕೇಳಿ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಕೆಯ ಕಾಲು ಹಿಡಿದು ನಡೆದದ್ದನ್ನೆಲ್ಲ ಹೇಳಿ ಅತ್ತ. ಮುದುಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ಎಣ್ಣೆಯಿಲ್ಲದೆ ಬೇರಿಂಗ್ ಸವೆದುಹೋಗಿತ್ತು. ಬಟ್ಟೆ ತಲುಪದ ಸಂದಿಗಳಲ್ಲಿ ಸೋರಿದ ಹಳೆಯ ಎಣ್ಣೆ ಜಿಡ್ಡುಗಟ್ಟಿ ಕೂತಿತ್ತು. "ಇದು ಎಷ್ಟು ದಿನದಿಂದ ಸೋರ್ತಾ ಇತ್ತು?" ಎಂದು ಕೇಳಿದ.

"ಒಂದು ವರ್ಷದಿಂದ. ನೀವು ಬೈತೀರಿ ಅಂತ ತೊಳ್ಕೊಂಡು ಬಂದೆ ಅಣ್ಣಾ."

ಸುತ್ತ ಜನ ನಿಂತೇ ಇದ್ದರು. "ಬೈದಿದ್ರೆ ಐದು ನಿಮಿಷ ಬೈತಿದ್ದೆ ಕಣೋ. ಈ ನನ್ನ ಬಾಯದ್ದೂ ತಪ್ಪಿದೆ," ಎಂದಷ್ಟೇ ಹೇಳಿ ಮೆಕ್ಯಾನಿಕ್ ತಲೆ ತಗ್ಗಿಸಿದ. ನಾಚಿಕೆ ಅವನಿಗೂ ಆಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ತಪ್ಪು ಯಾರದು ಗುರುಗಳೇ, ಡ್ರೈವರನದೋ ಮೆಕ್ಯಾನಿಕ್ಕನದೋ?" ಎಂದು ಕೇಳಿದ.

"ಅವರಿಬ್ಬರೂ ಬಾಯಿ ಬಿಟ್ಟು ಹೇಳಿಕೊಂಡರಪ್ಪ. ನನ್ನ ಬಾಯಿಗೆ ಹೆದರಿ, ಇವರ ಮೆಚ್ಚುಗೆಗೆ ಆಸೆಪಟ್ಟು, ಹುಣ್ಣಿಮೆಯ ದಿನ ನೀನು ತೊಳೆದು ಬಂದ ತಪ್ಪು ಯಾವುದು?" ಎಂದರು ಗುರುಗಳು.