ಇಂಚರ ಒಬ್ಬಳೇ ಶಾಲೆಗೆ ಹೋಗುತ್ತಿದ್ದದ್ದು

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಇದನ್ನು ಯಾರ ಮುಂದೆಯೂ ಬಾಯಿ ಬಿಡಬಾರದು, ನನ್ನಾಣೆ. ನಾನೂ ಯಾರಿಗೂ ಹೇಳಿಲ್ಲ. ಹೇಳಿದ್ದು ಆರೇ ಮನೆಗೆ.

ತಿಪಟೂರಿನ ನಮ್ಮ ಬೀದಿಯಲ್ಲಿ, ನನ್ನ ಪಕ್ಕದ ಬಾಡಿಗೆ ಮನೆಗೆ ವಸುಧಾ ಅಂತ ಒಬ್ಬಳು ಬಂದಳು. ಗಂಡ ಹೆಂಡತಿ ಐದು ವರ್ಷ ಜಪಾನಿನಲ್ಲಿದ್ದು ಬಂದವರು. ಜೊತೆಗೆ ಮಗಳು ಇಂಚರ, ಏಳು ವರ್ಷ. ಬಂದ ವಾರವೇ ಕಂಡೆ. ಆ ಮಗು ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬಳೇ ಶಾಲೆಗೆ ಹೊರಟಿದೆ! ತಾಯಿ ಬಾಗಿಲಲ್ಲಿ ನಿಂತು ಕೈ ಬೀಸಿ ಒಳಗೆ ಹೋದಳು. ಶಾಲೆ ಬೀದಿಯ ತುದಿಯಲ್ಲೇ ಇದೆ, ನಿಜ. ಆದರೂ ನಮ್ಮಲ್ಲಿ ಹತ್ತು ವರ್ಷದ ಗಂಡುಹುಡುಗನಿಗೂ ತಾಯಿ ತುತ್ತಿಟ್ಟು, ಚೀಲ ತಾನೇ ಹೊತ್ತು, ಗೇಟಿನವರೆಗೆ ಬಿಟ್ಟು ಬರುತ್ತಾಳೆ. ಇವಳದ್ದು ಎದೆಯೋ, ಒರಳುಕಲ್ಲೋ?

ನಾನು ಬೆಳಗ್ಗೆ ಏಳಕ್ಕೇ ಜಗಲಿ ಹಿಡಿಯುವವಳು. ಯಜಮಾನರು ಹೋದಮೇಲೆ ಮನೆಯೊಳಗೆ ಮಾತಾಡುವುದು ರೇಡಿಯೋ ಒಂದೇ, ಅದೂ ಕೆಟ್ಟಿದೆ. ಬೀದಿ ನೋಡುತ್ತೇನೆ. ತಪ್ಪೇ?

ಇಂಚರ ದಿನಾ ನನ್ನ ಮುಂದೆ ನಿಂತು, ನಡು ಬಗ್ಗಿಸಿ, "ಅಜ್ಜಿ, ಹೋಗಿ ಬರ್ತೀನಿ" ಅನ್ನುವಳು. ಸಂಜೆ, "ಅಜ್ಜಿ, ಬಂದೆ."

"ಏನೇ, ನಿಮ್ಮಮ್ಮನಿಗೆ ಕಾಲು ನೋವಾ? ಬಿಡೋಕೆ ಬರಲ್ವಾ?" ಅಂತ ಒಂದು ದಿನ ಕುಟುಕಿದೆ.

"ಅಲ್ಲಿ ಎಲ್ರೂ ನಾವೇ ನಡ್ಕೊಂಡು ಹೋಗ್ತೀವಿ ಅಜ್ಜಿ. ಕ್ಲಾಸು ಕೂಡ ನಾವೇ ಗುಡಿಸ್ತೀವಿ."

ಕೇಳಿದಿರಾ! ಮಗುವಿನ ಕೈಗೆ ಪೊರಕೆ! ಇಂಥ ಮಾತು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಹಾಲಿನ ಡೈರಿಯ ಮುಂದೆ ನಮ್ಮ ಬೀದಿಯ ಪುಟ್ಟಗೌರಮ್ಮನ ಕಿವಿಗೆ ಹಾಕಿದೆ. "ಹೆತ್ತ ಮಗು ಅಲ್ಲ ಅಂತ ಕಾಣುತ್ತೆ ಕಣೇ. ಯಾರಿಗೂ ಹೇಳಬೇಡ."

ಸಂಜೆಯೊಳಗೆ ಬೀದಿಯೆಲ್ಲ ಮಲಮಗಳ ಮಾತೇ. ಮುಂದಿನ ವಾರ ಶಾಲೆಯವರು ವಸುಧಾಳನ್ನು ಕರೆಸಿ, "ಮಗು ನಿಮ್ಮದೇ ತಾನೆ?" ಅಂತ ಕೇಳಿದರಂತೆ. ಮಾರನೇ ದಿನದಿಂದ ಅಪ್ಪ ಸ್ಕೂಟರಿನಲ್ಲಿ ಬಿಡತೊಡಗಿದ. ಇಂಚರ ತಲೆಗಿಂತ ದೊಡ್ಡ ಹೆಲ್ಮೆಟ್ಟಿನೊಳಗೆ ಕೂತು ಸುಯ್ಯೆಂದು ಹೋಗಿಬಿಡುವಳು. ನನ್ನ ಕಡೆ ತಿರುಗಿದಳೋ ಇಲ್ಲವೋ, ಕಾಣಿಸುತ್ತಲೇ ಇರಲಿಲ್ಲ.

ಮೊದಲ ದಿನ ಗೆದ್ದೆ ಅಂದುಕೊಂಡೆ. ಹತ್ತನೇ ದಿನ ಸಂಜೆ, ಸ್ಕೂಟರು ಅವಳನ್ನು ಕರೆತಂದು ಎಷ್ಟೋ ಹೊತ್ತಾದರೂ ಶಾಲೆಯ ಕಡೆಯೇ ನೋಡುತ್ತ ಕೂತಿದ್ದೆ. ಆಗ ಹೊಳೆಯಿತು, ಬೆಳಗಿನಿಂದ ನಾನು ಒಂದು ಮಾತೂ ಆಡಿಲ್ಲ. ನನ್ನ ಹತ್ತಿರ ಸುದ್ದಿ ಕೇಳಿಕೊಂಡು ಹೋಗುವವರು ಬೀದಿ ತುಂಬ ಇದ್ದಾರೆ. ನನಗೆ ಹೇಳಿ ಹೋಗುತ್ತಿದ್ದವಳು ಆ ಮಗು ಒಬ್ಬಳೇ.

ಒಂದು ಡಬ್ಬಿ ಚಕ್ಕುಲಿ ಹಿಡಿದು ವಸುಧಾಳ ಬಾಗಿಲು ತಟ್ಟಿದೆ. "ಮಗೂನ ಮೊದಲಿನ ಹಾಗೇ ನಡೆಸಿ ಕಳಿಸಮ್ಮ," ಅಂದೆ.

ಅವಳು ಚಕ್ಕುಲಿ ಮುಟ್ಟಲಿಲ್ಲ. ಬೈಯಲೂ ಇಲ್ಲ. ಮುಖಕ್ಕೇ ಹೇಳಿದಳು:

"ಅಜ್ಜಿ, ನಾವಿದ್ದ ಊರಲ್ಲಿ ಮಕ್ಕಳು ಹೋಗೋ ದಾರೀಲಿ ಒಂದೊಂದು ತಿರುವಿಗೂ ಒಬ್ಬರು ಅಜ್ಜನೋ ಅಜ್ಜಿಯೋ ನಿಂತು ಕಾಯೋರು. ಮನೆ ನೋಡೋಕೆ ಬಂದ ದಿನ ನೀವು ಜಗಲಿ ಮೇಲೆ ಕೂತಿದ್ರಿ. ಅದನ್ನ ನೋಡೇ ಈ ಮನೆ ಹಿಡಿದದ್ದು. 'ಅಜ್ಜಿಗೆ ಹೇಳಿ ಹೋಗು, ಬಂದ ಮೇಲೂ ಹೇಳು' ಅಂತ ಅವಳಿಗೆ ಕಲಿಸಿದ್ದೂ ನಾನೇ. ನಾನು ಒಂದು ದಿನಾನೂ ಅವಳನ್ನ ಒಬ್ಬಳನ್ನೇ ಕಳಿಸಿಲ್ಲ ಅಜ್ಜಿ. ನಿಮ್ಮನ್ನ ನಂಬಿ ಕಳಿಸ್ತಿದ್ದೆ."

ನೀತಿ: ಮಕ್ಕಳನ್ನು ಬೆಳೆಸುವ ರೀತಿ ದೇಶಕ್ಕೊಂದು. ಆದರೆ ಯಾವ ದೇಶದ ಮಗುವಿಗೂ ಬೇಕಾದದ್ದು ಕಾಯುವ ಕಣ್ಣು, ಆಡಿಕೊಳ್ಳುವ ಬಾಯಲ್ಲ. ಬಾಯಿ ಸಡಿಲ ಬಿಟ್ಟವರ ಜಗಲಿ ಬರಿದಾಗುತ್ತದೆ.