ಒಂದೇ ಸಲ ಅದ್ದಿದ ಕುಂಚ

“ಮೇಷ್ಟ್ರೇ, ಕೊನೆಯ ಗೆರೆಗೆ ಮಾತ್ರ ಇನ್ನೊಂದು ಸಲ ಮಸಿಗೆ ಅದ್ದಿಕೊಂಡರೆ ನಿಮ್ಮ ಗಂಟೇನು ಹೋಗುತ್ತದೆ?” ಎಂದು ಫಿಲೋಮಿನಮ್ಮ ಕೇಳಿದರು.

ಅಂದು ಕಲಿಯುತ್ತಿದ್ದದ್ದು 枯 ಎಂಬ ಜಪಾನಿ ಅಕ್ಷರ. ಎಡಕ್ಕೆ ಮರ, ಬಲಕ್ಕೆ ಹಳತು. ಎರಡೂ ಕೂಡಿದರೆ ಒಣಗುವುದು. ಒಮ್ಮೆ ಅದ್ದಿದ ಕುಂಚದಲ್ಲೇ ಇಡೀ ಅಕ್ಷರ ಮುಗಿಯಬೇಕೆಂಬುದು ಶೇಷಗಿರಿ ಮೇಷ್ಟ್ರ ಕಟ್ಟಪ್ಪಣೆ. ಆದರೆ ಕೊನೆಗೆ ಬರುವಷ್ಟರಲ್ಲಿ ಕುಂಚ ಒಣಗಿ ಗೆರೆ ಸೀಳುತ್ತಿತ್ತು. ಜೀವಮಾನವೆಲ್ಲ ರವಿಕೆ ಹೊಲಿದು ಈಗ ನಡುಗುವ ಫಿಲೋಮಿನಮ್ಮನ ಕೈ ಅಲ್ಲಿ ಬಯಲಾಗುತ್ತಿತ್ತು. ತುಂಬು ಮಸಿಯಿದ್ದರೆ ನಡುಕ ಮುಚ್ಚಿಹೋಗುತ್ತದೆ. ಮೇಷ್ಟ್ರು ಅದಕ್ಕೂ ಒಪ್ಪದಿದ್ದರೆ ನಾಳೆಯಿಂದ ಪಾಠಕ್ಕೆ ಬರುವುದೇ ಇಲ್ಲವೆಂದು ಆಕೆ ಒಳಗೊಳಗೇ ತೀರ್ಮಾನಿಸಿದ್ದರು.

ಮೇಷ್ಟ್ರು ಮೀಸೆ ತೀಡಿದರು. ಜಪಾನಿನಲ್ಲಿ ತಾವು ಕುಂಚ ಎತ್ತಿದರೆ ಕೊಕ್ಕರೆಗಳು ಹಾರುವುದು ಬಿಟ್ಟು ಬೇಲಿಯ ಮೇಲೆ ಸಾಲಾಗಿ ಕೂರುತ್ತಿದ್ದವೆಂದೂ, ಈ ಕತೆ ಹೇಳಿದ್ದು ಅವುಗಳಲ್ಲೇ ಹಿರಿಯ ಕೊಕ್ಕರೆಯೆಂದೂ ಪೀಠಿಕೆ ಹಾಕಿ ಶುರುಮಾಡಿದರು.

ಆ ದೇಶದಲ್ಲಿ ಒಬ್ಬ ರೈತನಿದ್ದ. ಅವನ ಮರದಲ್ಲಿ ಕಾಕಿ ಎಂಬ ಹಣ್ಣು. ನೋಡಲು ಟೊಮೆಟೊ. ಹಸಿಯದನ್ನು ಕಚ್ಚಿದರೆ ಒಗರಿಗೆ ನಾಲಿಗೆ ಮಡಿಚಿಕೊಂಡು, ಮಾತು ವಾಪಸು ಬರಲು ಮುಂದಿನ ಸಂಕ್ರಾಂತಿಯೇ ಆಗಬೇಕು. ರೈತ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ, ಸೂರಿನಡಿ ತೂಗುಬಿಟ್ಟ. ಒಬ್ಬ ವ್ಯಾಪಾರಿ ಅದರಲ್ಲಿ ಅರ್ಧ ಕೊಂಡು ತನ್ನ ಸೂರಿಗೆ ಕಟ್ಟಿಕೊಂಡ. ಹಣ್ಣು ಸೊರಗಿದ್ದು ಕಂಡು ಅವನೂ ಸೊರಗಿದ. ದಿನಾ ಬೆಳಿಗ್ಗೆ ನೀರು ಚಿಮುಕಿಸಿದ. ಹಣ್ಣು ಹೊಸ ಅಳಿಯನ ಕೆನ್ನೆಯಂತೆ ಊದಿಕೊಂಡಿತು, ಆಮೇಲೆ ಬೂಸ್ಟು ಹಿಡಿಯಿತು. ರೈತನ ಹಣ್ಣು ಮುದುಡಿ ಬೆಲ್ಲವಾಗಿತ್ತು.

“ಒಣಗಿದರೆ ತೂಕ ಹೋಗುತ್ತದಲ್ಲಯ್ಯಾ?” ಎಂದ ವ್ಯಾಪಾರಿ.

“ಹೋಗಲಿ ಬಿಡಿ ಸ್ವಾಮಿ. ಒಗರನ್ನೂ ಕರೆದುಕೊಂಡೇ ಹೋಗುತ್ತದೆ,” ಎಂದ ರೈತ.

ಫಿಲೋಮಿನಮ್ಮನಿಗೆ ನಗು ತಡೆಯಲಾಗಲಿಲ್ಲ. ಕೊಕ್ಕರೆಗೆ ಕೃಷಿಯ ವಿಚಾರ ಚೆನ್ನಾಗಿಯೇ ಗೊತ್ತಿದೆ ಎಂದು ಛೇಡಿಸುತ್ತಲೇ ಕುಂಚವನ್ನು ಒಂದು ಸಲ ಅದ್ದಿ ಬರೆಯತೊಡಗಿದರು. ಮರ ಮೂಡಿತು. ಹಳತೂ ಮೂಡುತ್ತಾ ಬಂತು. ಮಸಿ ತೀರಿತು, ಆಕೆ ಬಟ್ಟಲಿನ ಕಡೆ ನೋಡಲಿಲ್ಲ. ಕೊನೆಯ ಗೆರೆ ನಡುಗುತ್ತ, ಸೀಳುತ್ತ, ನಡುನಡುವೆ ಬಿಳಿ ಕಾಗದ ತೋರಿಸುತ್ತ ಅಂತೂ ದಡ ಸೇರಿತು. ಆದರೂ ಆಕೆ ನಾಚಿ ಅದರ ಮೇಲೆ ಅಂಗೈ ಅಡ್ಡ ಹಿಡಿದರು.

ಮೇಷ್ಟ್ರು ಬಡಾಯಿ ಮರೆತು, ಬಗ್ಗಿ ನೋಡಿದರು.

“ಇಲ್ಲಿಯವರೆಗೆ ಮಸಿ ಬರೆದಿತ್ತು ತಾಯೀ, ಈ ಗೆರೆ ನೀವು ಬರೆದಿರಿ.”

ಫಿಲೋಮಿನಮ್ಮ ಕೈ ತೆಗೆದರು.