ಬಳೆಗಾರನ ಬೆರಳು

"ಗುರುಗಳೇ, ನೋವಿನ ಹೆಸರು ತಿಳಿದರೆ ನೋವು ಹೋಗುತ್ತದೆಯೇ? ಹೋಗದಿದ್ದರೆ ತಿಳಿದು ಮಾಡುವುದೇನು?" ಎಂದು ಶಿಷ್ಯನೊಬ್ಬ ಕೇಳಿದ. ಅಂಥ ಸೆಕೆಯಲ್ಲೂ ಅವನು ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡೇ ಕುಳಿತಿದ್ದ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಎಂಥ ಬಿಗಿ ಬಳೆಯನ್ನೂ ನೋವಾಗದಂತೆ ಏರಿಸುತ್ತಿದ್ದ. ಒಂದು ಚಳಿಗಾಲ, ಬೆಳಗ್ಗೆ ಎದ್ದಾಗ ಅವನ ಬೆರಳುಗಳು ಮಡಚಲೊಲ್ಲವು. ಎರಡೂ ಕೈಯ ಗೆಣ್ಣುಗಳು ಊದಿಕೊಂಡು ಬೆಚ್ಚಗಿದ್ದವು. ಹೊತ್ತೇರಿದ ಮೇಲೆ ಸಡಿಲವಾದವು. ಚಳಿಗೆ ಹಿಡಿದಿರಬೇಕು ಎಂದುಕೊಂಡ. ಚಳಿ ಹೋಯಿತು, ಊತ ಹೋಗಲಿಲ್ಲ. ದುಡಿಯದಿದ್ದರೂ ಮೈ ಸೋಲುತ್ತಿತ್ತು.

ಅವನ ದೊಡ್ಡಪ್ಪನ ಕೈ ಹೀಗೇ ಶುರುವಾಗಿ, ಕೊನೆಗೆ ತುತ್ತು ಎತ್ತಲಾರದಷ್ಟು ಸೊಟ್ಟಗಾಗಿತ್ತು. ತನಗೂ ಅದೇ ಎಂದು ವೈದ್ಯರು ಬಾಯಿಬಿಟ್ಟು ಹೇಳಿಯಾರೆಂದು ಹೆದರಿ ಅತ್ತ ಸುಳಿಯಲಿಲ್ಲ. ಬಳೆಯ ಮಲಾರ ಹೆಗಲಿಗೇರಿಸಿ ಮಧ್ಯಾಹ್ನದ ಮೇಲಷ್ಟೇ ಹೊರಡತೊಡಗಿದ. "ಏನಪ್ಪಾ, ಸೂರ್ಯ ನೆತ್ತಿಗೆ ಬಂದಮೇಲೆ ನಿನಗೆ ಬೆಳಗಾಗುತ್ತಾ?" ಎಂದು ಹೆಂಗಸರು ಕೆಣಕಿದರೆ ನಕ್ಕು ಮುಂದಿನ ಮನೆಗೆ ನಡೆಯುತ್ತಿದ್ದ.

ಆದರೆ ಮದುವೆಯ ಬಳೆ ತೊಡಿಸುವುದು ಬೆಳಗ್ಗೆಯೇ. ಒಂದು ಮನೆಯಿಂದ ಕರೆ ಬಂತು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಹೋದ. ಮದುಮಗಳ ಅಂಗೈ ಅದುಮಿ ಬಳೆ ಏರಿಸುವಾಗ ಅವನ ಹೆಬ್ಬೆರಳು ಕೈಕೊಟ್ಟಿತು. ಹಸಿರು ಬಳೆ ಒಡೆಯಿತು. ಹುಡುಗಿಯ ಮುಂಗೈಯಲ್ಲಿ ರಕ್ತ ಮೂಡಿತು. ಬೀಗರ ಕಡೆಯ ಹೆಂಗಸೊಬ್ಬಳು "ಎಂಥ ಕಾಲ್ಗುಣವೋ ಇವಳದು" ಎಂದು ಗೊಣಗಿದಳು. ಹುಡುಗಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಬಳೆಗಾರ ಒಡೆದ ಚೂರುಗಳನ್ನು ನೋಡಿದ. ಬಾಯಿಬಿಟ್ಟರೆ ಕಸುಬು ಹೋಗುತ್ತದೆ. ಬಿಡದಿದ್ದರೆ ಈ ಹೆಣ್ಣುಮಗು ಬಾಳಿಡೀ ಆ ಮಾತು ಹೊರಬೇಕು. ದೇವರನ್ನು ನೆನೆದು, ಎರಡೂ ಕೈಗಳನ್ನು ಎಲ್ಲರ ಮುಂದೆ ಚಾಚಿದ.

"ಅಪಶಕುನ ಅಲ್ಲ ತಾಯಿ. ಮಗುವಿನ ಕೈ ಬಂಗಾರದಂಥದ್ದು. ಕೆಟ್ಟಿರುವುದು ನನ್ನ ಬೆರಳು."

ಹುಡುಗಿಯ ಅಜ್ಜಿ ಆ ಊದಿದ ಗೆಣ್ಣುಗಳನ್ನೂ ಸೊಟ್ಟಗಾಗಿದ್ದ ಹೆಬ್ಬೆರಳನ್ನೂ ನೋಡಿದಳು. "ಇದನ್ನು ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೆಯಾ, ಹುಚ್ಚಪ್ಪಾ!" ಎಂದು ಬೈದಳು. ಉಳಿದ ಬಳೆಗಳನ್ನು ತಾನೇ ತೊಡಿಸಿ, ಮಗನ ಜೊತೆ ಅವನನ್ನು ಆಸ್ಪತ್ರೆಗೆ ಅಟ್ಟಿದಳು.

ವೈದ್ಯರು ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸರೇ ತೆಗೆಸಿದರು. "ಇದು ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಕೀಲುಗಳನ್ನು ತಿನ್ನುತ್ತಿದೆ. ಮಾತ್ರೆ ಬಿಡಬೇಡ, ಬೆರಳಾಡಿಸುವುದನ್ನೂ ಬಿಡಬೇಡ, ಆಗಾಗ ಬಂದು ತೋರಿಸು. ಉಳಿದ ಬೆರಳುಗಳನ್ನು ಕಾಪಾಡಬಹುದು" ಎಂದರು.

"ಈ ಸೊಟ್ಟಗಾದ ಹೆಬ್ಬೆರಳು, ಸ್ವಾಮಿ?"

"ಮೊದಲೇ ಬಂದಿದ್ದರೆ ಅದೂ ಉಳಿಯುತ್ತಿತ್ತೋ ಏನೋ."

ಬಳೆಗಾರ ದಾರಿಯುದ್ದಕ್ಕೂ ಆ ಹೆಬ್ಬೆರಳನ್ನೇ ನೋಡಿಕೊಂಡು ಮನೆಗೆ ಬಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಗುರುಗಳು ಅವನ ಶಾಲಿನ ಕಡೆಗೆ ಕೈ ನೀಡಿದರು.

"ಎಲ್ಲಿ ಮಗು, ನಿನ್ನ ಕೈ ತೋರಿಸು."